ಡ್ರುಪಲ್ ಸಮುದಾಯದ ತರಬೇತಿ ಪಟ್ಟಿ: ಧಾರವಾಡದ ಬೋಧಕನೊಬ್ಬನ ವಿಮರ್ಶೆ

ಜಾಲತಾಣಗಳನ್ನು ಕಟ್ಟಲು ಬಳಸುವ ಡ್ರುಪಲ್ ತಂತ್ರಾಂಶವನ್ನು ದುಡ್ಡು ಕೊಟ್ಟು ಕಲಿಯುವುದಾದರೆ ಎಲ್ಲಿ ಕಲಿಯಬೇಕೆಂದು ಹುಬ್ಬಳ್ಳಿ-ಧಾರವಾಡದ ಬಿಸಿಎ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳು ನನ್ನನ್ನು ಆಗಾಗ ಕೇಳುತ್ತಾರೆ. ಡ್ರುಪಲ್ ಡಾಟ್ ಆರ್ಗ್ ತಾಣದಲ್ಲಿರುವ ತರಬೇತಿ ಸಂಸ್ಥೆಗಳ ಪಟ್ಟಿಯನ್ನು ನಾನು ಅವರಿಗೆ ಮೊದಲು ತೋರಿಸುತ್ತೇನೆ. ಆ ಪಟ್ಟಿಗೆ ಸೇರುವ ಹೆಸರುಗಳನ್ನು ಸಮುದಾಯ ಹೇಗೆ ಸೋಸುತ್ತದೆ, ಆ ಸೋಸುವಿಕೆಯ ಮೇಲೆ ನಮ್ಮ ಊರಿನ ವಿದ್ಯಾರ್ಥಿ ಎಷ್ಟು ಭಾರ ಹಾಕಬಹುದು ಎಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇನೆ.

ಈ ಪ್ರಶ್ನೆಯ ಮಹತ್ವ ಧಾರವಾಡದವರಿಗೆ ಬೇಗ ತಿಳಿಯುತ್ತದೆ. ಸಪ್ತಾಪುರದ ರಸ್ತೆಗಳಲ್ಲಿ ಕೋಚಿಂಗ್ ಕೇಂದ್ರಗಳ ಫ್ಲೆಕ್ಸ್‌ಗಳನ್ನು ದಾಟದೆ ಮುಂದೆ ಹೋಗುವುದು ಕಷ್ಟ, ಮತ್ತು ಅವುಗಳಲ್ಲಿ ಬರೆದದ್ದನ್ನು ಹಣ ಕಟ್ಟುವ ಮೊದಲು ಪರೀಕ್ಷಿಸಲು ತಂದೆತಾಯಿಗಳಿಗೆ ಬಹುಕಾಲ ಯಾವ ಆಧಾರವೂ ಇರಲಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೋಚಿಂಗ್ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳ ತಡೆಗೆ ಮಾರ್ಗಸೂಚಿ ಹೊರಡಿಸಿ, ಉದ್ಯೋಗದ ಖಾತರಿಯಂಥ ಸುಳ್ಳು ಭರವಸೆಗಳನ್ನು ನಿಷೇಧಿಸಿತು. ತೇರ್ಗಡೆಯಾದವರ ಲಿಖಿತ ಒಪ್ಪಿಗೆಯಿಲ್ಲದೆ ಅವರ ಹೆಸರು, ಫೋಟೋ ಬಳಸಬಾರದೆಂದೂ ಹೇಳಿತು. ಆದರೆ ಇವೆಲ್ಲ ಜಾಹೀರಾತು ಹೊರಬಿದ್ದ ನಂತರದ ಕ್ರಮಗಳು. ಹೆಸರು ಪಟ್ಟಿಗೆ ಸೇರುವ ಮೊದಲೇ ಯಾರೋ ಒಬ್ಬರು ಕೂತು ಓದಿ ನೋಡುವುದು ಬೇರೆಯೇ ಕೆಲಸ, ಮತ್ತು ಡ್ರುಪಲ್ ಸಮುದಾಯದ ಸ್ವಯಂಸೇವಕರು ಮಾಡುತ್ತಿರುವುದು ಅದನ್ನೇ.

ಅವರ ಕೈಯಲ್ಲಿರುವ ಅಧಿಕಾರ ಬಹಳ ಕಡಿಮೆ ಎಂಬುದನ್ನೂ ಗಮನಿಸಬೇಕು. ಡ್ರುಪಲ್ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಹಂಚಿಕೆಯಾಗುವ ತಂತ್ರಾಂಶವಾದ್ದರಿಂದ ಅದನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಶುಲ್ಕ ಪಡೆದು ಕಲಿಸಲೂಬಹುದು. 'ಡ್ರುಪಲ್' ಎಂಬ ಹೆಸರು ಅದನ್ನು ಹುಟ್ಟುಹಾಕಿದ ಡ್ರೀಸ್ ಬೌಟಾರ್ಟ್ ಅವರ ನೋಂದಾಯಿತ ಟ್ರೇಡ್‌ಮಾರ್ಕ್ ಆಗಿರುವುದರಿಂದ ಹೆಸರಿನ ಬಳಕೆಗೆ ಒಂದಿಷ್ಟು ಕಟ್ಟುಪಾಡು ಇದೆ. ಪಾಠ ಹೇಳುವುದಕ್ಕೆ ಯಾವ ಪರವಾನಗಿಯೂ ಬೇಡ. ಹೀಗಿರುವಾಗ ಸಮುದಾಯವು ತನ್ನ ಅಂಗಳದಲ್ಲಿ ಯಾರ ಹೆಸರಿಗೆ ಜಾಗ ಕೊಡಬೇಕು, ಯಾರಿಗೆ ಕೊಡಬಾರದು ಎಂದಷ್ಟೇ ತೀರ್ಮಾನಿಸಬಲ್ಲದು.

ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅದರ ಬಯಲುತನ. ಪಟ್ಟಿಗೆ ಹೆಸರು ಸೇರಿಸಿರೆಂಬ ಅರ್ಜಿಯೂ ಸೇರಿದಂತೆ ತಾಣದ ನಿರ್ವಹಣೆಗೆ ಸಂಬಂಧಿಸಿದ ಕೋರಿಕೆಗಳು, ದೋಷಗಳ ವರದಿಗಳಂತೆಯೇ, ಎಲ್ಲರೂ ಓದಬಹುದಾದ ಸಾಲಿನಲ್ಲಿ ದಾಖಲಾಗುತ್ತವೆ. ಪ್ರತಿ ಕೋರಿಕೆಗೆ ಒಂದು ಸಂಖ್ಯೆ ಇರುತ್ತದೆ. ಅದು ಪರಿಶೀಲನೆಗೆ ಕಾದಿದೆಯೋ, ತಿದ್ದುಪಡಿಗೆ ಮರಳಿದೆಯೋ, ಮುಗಿದಿದೆಯೋ ಎಂಬುದು ಅದರ ಪಕ್ಕದಲ್ಲೇ ಕಾಣುತ್ತದೆ. ಯಾರು ಯಾವ ದಿನ ಏನು ಹೇಳಿದರು ಎಂಬುದೂ ಕೆಳಗೆ ಉಳಿದಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಇಂಥ ನಿರ್ಣಯಗಳಾಗುವ ಕಡೆಗಳಲ್ಲಿ ಹೆಸರು ಬಿಟ್ಟುಹೋದವನಿಗೆ ಕಾರಣ ತಿಳಿಯುವುದಿಲ್ಲ, ಸೇರಿದವನು ಹೇಗೆ ಸೇರಿದನೆಂಬುದು ಉಳಿದವರಿಗೆ ತಿಳಿಯುವುದಿಲ್ಲ. ಇಲ್ಲಿ ಮಾತ್ರ ಅರ್ಜಿ ಹಾಕಿದ ಸಂಸ್ಥೆ, ಅದರ ಪೈಪೋಟಿಯ ಸಂಸ್ಥೆ, ನಾಳೆ ಶುಲ್ಕ ಕಟ್ಟಲಿರುವ ವಿದ್ಯಾರ್ಥಿ ಈ ಮೂವರೂ ಒಂದೇ ಕಡತವನ್ನು ಓದಬಹುದು.

ಸಂಸ್ಥೆಗಳ ಪುಟಗಳಲ್ಲಿ ಅವುಗಳ ಸಿಬ್ಬಂದಿ ಡ್ರುಪಲ್‌ಗೆ ಸಲ್ಲಿಸಿದ ಕೊಡುಗೆಗಳ ಲೆಕ್ಕವೂ ಸಿಗುತ್ತದೆ. ಫ್ಲೆಕ್ಸ್‌ನಲ್ಲಿ ಬರೆದುಕೊಂಡ ಹೊಗಳಿಕೆಗಿಂತ ಇದು ಸಾವಿರ ಪಾಲು ಮೇಲು, ಏಕೆಂದರೆ ಪ್ರತಿ ಕೊಡುಗೆಯ ಹಿಂದೆ ತೆರೆದು ನೋಡಬಹುದಾದ ಕೆಲಸವೊಂದು ಇರುತ್ತದೆ. ಆದರೆ ನನ್ನ ಮುಖ್ಯ ತಕರಾರು ಇರುವುದೂ ಇಲ್ಲಿಯೇ. ಕೋಡ್ ಬರೆಯುವ ಸಾಮರ್ಥ್ಯ ಒಂದು, ಅದನ್ನು ಹೊಸಬನಿಗೆ ತಿಳಿಯುವಂತೆ ಹೇಳಿಕೊಡುವ ಸಾಮರ್ಥ್ಯ ಇನ್ನೊಂದು. ನೂರಾರು ನೌಕರರಿರುವ ಕಂಪನಿಯ ಕೊಡುಗೆಗಳ ಲೆಕ್ಕ ಸಹಜವಾಗಿಯೇ ದೊಡ್ಡದಿರುತ್ತದೆ. ವಿದ್ಯಾನಗರದ ಒಂದು ಮಹಡಿಯಲ್ಲಿ ಹತ್ತು ಜನರಿಗೆ ಶ್ರದ್ಧೆಯಿಂದ ಪಾಠ ಹೇಳುವವನ ಲೆಕ್ಕ ಚಿಕ್ಕದೇ ಆಗಿರುತ್ತದೆ. ಅಣ್ಣಿಗೇರಿಯ ಕಡೆಯ ಪಾಲಕರೊಬ್ಬರು ಮಗಳ ಸಲುವಾಗಿ ನನ್ನನ್ನು ಕೇಳಿದ್ದರು: "ಪಟ್ಟಿಯೊಳಗ ಹೆಸರು ಐತ್ರಿ ಸರ. ಅಂದಮ್ಯಾಲೆ ಚಲೋ ಕಲಸ್ತಾರ ಅಂತ ಖಾತ್ರಿ ಅಲ್ಲೇನ್ರಿ?" ಖಾತ್ರಿ ಅಲ್ಲ ಎಂದೇ ನಾನು ಉತ್ತರಿಸಬೇಕಾಯಿತು. ಸಂಸ್ಥೆ ನಿಜವಾದದ್ದು, ಅದಕ್ಕೆ ಡ್ರುಪಲ್ ಜೊತೆ ನಂಟಿದೆ ಎಂಬುದಷ್ಟೇ ಆ ಪಟ್ಟಿಯಿಂದ ತಿಳಿಯುತ್ತದೆ. ತರಗತಿಯ ಒಳಗೆ ಏನು ನಡೆಯುತ್ತದೆ ಎಂಬುದು ಯಾವ ಪರಿಶೀಲಕನ ಕಣ್ಣಿಗೂ ಬೀಳುವಂಥದ್ದಲ್ಲ.

ಪಠ್ಯಕ್ರಮವನ್ನಾದರೂ ಪರಿಶೀಲಕರು ಕಡ್ಡಾಯವಾಗಿ ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈಚೆಗೆ ವಿದ್ಯಾರ್ಥಿಯೊಬ್ಬ ಖಾಸಗಿ ಸಂಸ್ಥೆಯೊಂದರ ಬಣ್ಣದ ಕರಪತ್ರ ತಂದು ತೋರಿಸಿದ. ಪುಟದ ಮೇಲೆ 'ಇತ್ತೀಚಿನ ಆವೃತ್ತಿ' ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಒಳಗಿನ ಪಾಠಗಳಲ್ಲಿ ಹಳೆಯ ವಿಧಾನಗಳಾದ ಪಿಎಚ್‌ಪಿ ಟೆಂಪ್ಲೇಟ್ ಇತ್ತು, ಹುಕ್ ಮೆನು ಇತ್ತು. ಈಗಿನ ಡ್ರುಪಲ್ ಬಳಸುವ ಟ್ವಿಗ್, ಕಂಪೋಸರ್, ಸಿಂಫನಿ ಎಂಬ ಸಲಕರಣೆಗಳ ಸುಳಿವೇ ಇರಲಿಲ್ಲ. ಬಲ್ಲವರಿಗೆ ಇಷ್ಟೇ ಸಾಕು, ಅದು ಡ್ರುಪಲ್ 7ರ ಪಾಠ. 2011ರಲ್ಲಿ ಬಂದ ಆ ಆವೃತ್ತಿಗೆ ಸಮುದಾಯದ ಬೆಂಬಲ 2025ರ ಜನವರಿ 5ಕ್ಕೆ ಮುಗಿದಿದೆ. 2015ರ ನವೆಂಬರ್‌ನಲ್ಲಿ 8ನೇ ಆವೃತ್ತಿ ಬಂದಾಗಲೇ ಒಳಗಿನ ರಚನೆ ಬುಡಸಮೇತ ಬದಲಾಗಿತ್ತು. ಈಗ ಶುಲ್ಕ ಕಟ್ಟಿ 7ನೇ ಆವೃತ್ತಿಯನ್ನು ಕಲಿತವನಿಗೆ ಹಳೆಯ ತಾಣಗಳ ಸ್ಥಳಾಂತರದ ಕೆಲಸದಲ್ಲಿ ಮಾತ್ರ ಒಂದಿಷ್ಟು ಉಪಯೋಗವಾದೀತು. ಇಂಥ ಪಠ್ಯಕ್ರಮವನ್ನು ಪತ್ತೆಹಚ್ಚಲು ಅನುಭವಿ ಪರಿಶೀಲಕನಿಗೆ ಐದು ನಿಮಿಷವೂ ಬೇಡ. ಸೇರುವಾಗ ಒಮ್ಮೆ ನೋಡಿದರೆ ಸಾಲದು. ಹೊಸ ಪ್ರಧಾನ ಆವೃತ್ತಿ ಬಂದಾಗಲೆಲ್ಲ ಪ್ರತಿ ಸಂಸ್ಥೆಯಿಂದ ಪಠ್ಯಕ್ರಮವನ್ನು ಮತ್ತೆ ಕೇಳಿ, ಕೊಡದವರ ಹೆಸರನ್ನು ತೆಗೆದಿಡಬೇಕು.

ಸಂಬಳವಿಲ್ಲದೆ ದುಡಿಯುವವರ ಮೇಲೆ ಇದು ಹೆಚ್ಚಿನ ಹೊರೆಯಾಗುತ್ತದೆ, ನಿಜ. ಆದರೆ ಪಟ್ಟಿಯಲ್ಲಿ ಹೆಸರಿರುವುದರಿಂದ ಲಾಭ ಪಡೆಯುವವರು ವಾಣಿಜ್ಯ ಸಂಸ್ಥೆಗಳೇ ಆದ್ದರಿಂದ ದಾಖಲೆ ಒದಗಿಸುವ ಹೊಣೆ ಅವರದೇ ಆಗಬೇಕು, ಪರಿಶೀಲಕರು ಹುಡುಕಿಕೊಂಡು ಹೋಗುವಂತಾಗಬಾರದು.

ಇಷ್ಟು ಹೇಳಿದ ಮೇಲೂ ಈ ಪಟ್ಟಿಯನ್ನು ಬಳಸಿರೆಂದೇ ನನ್ನ ಶಿಫಾರಸು. ಆಯ್ಕೆ ಮಾಡಿಕೊಂಡ ಸಂಸ್ಥೆಗೆ ಹಣ ಕಟ್ಟುವ ಮೊದಲು ಫೋನ್ ಮಾಡಿ, ಯಾವ ಆವೃತ್ತಿ ಕಲಿಸುತ್ತೀರಿ, ಹೇಳಿದ ಶುಲ್ಕದಲ್ಲಿ ಶೇ. 18ರ ಜಿಎಸ್‌ಟಿ ಸೇರಿದೆಯೇ, ಪಾಠ ಅರ್ಥವಾಗದಿದ್ದರೆ ಕನ್ನಡದಲ್ಲಿ ಬಿಡಿಸಿ ಹೇಳುವವರಿದ್ದಾರೆಯೇ ಎಂದು ಕೇಳಿಕೊಳ್ಳಿ. ಗದಗ, ಹಾವೇರಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಕೊನೆಯ ಪ್ರಶ್ನೆ ತೀರ ಮುಖ್ಯ. ಪಾಠ ಮಾಡುವವರು ಡ್ರುಪಲ್ ಡಾಟ್ ಆರ್ಗ್‌ನಲ್ಲಿ ಯಾವ ಹೆಸರಿನಲ್ಲಿದ್ದಾರೆಂದೂ ತಪ್ಪದೆ ಕೇಳಿ, ಅವರ ಪುಟ ತೆರೆದು ನೋಡಿ: ಎಷ್ಟು ವರ್ಷದಿಂದ ಸಮುದಾಯದಲ್ಲಿದ್ದಾರೆ, ಏನೇನು ಕೆಲಸ ಮಾಡಿದ್ದಾರೆ ಎಂಬುದು ಅಲ್ಲಿ ದಾಖಲಾಗಿರುತ್ತದೆ.