ಸೊಂಟ, ಮಂಡಿ, ತಲೆನೋವಿಗೆ ಅಕ್ಯುಪಂಕ್ಚರ್: ದೀರ್ಘ ಬಳಕೆಯ ವಿಮರ್ಶೆ

ತಿಂಗಳುಗಟ್ಟಲೆ ಬಿಡದೆ ಕಾಡುವ ಸೊಂಟನೋವು, ಮಂಡಿ ಸವೆತ, ಪದೇಪದೇ ಬರುವ ಮೈಗ್ರೇನ್. ಈ ಮೂರಕ್ಕೆ ಅಕ್ಯುಪಂಕ್ಚರ್, ಅಂದರೆ ದೇಹದ ಗೊತ್ತಾದ ಬಿಂದುಗಳಲ್ಲಿ ತೆಳು ಸೂಜಿ ಚುಚ್ಚುವ ಚೀನೀ ಚಿಕಿತ್ಸೆ, ಮಾಡಿಸಿ ನೋಡಬಹುದು. ನೋವು ಬೇರುಸಮೇತ ಹೋಗುತ್ತದೆ ಎಂದುಕೊಳ್ಳಬೇಡಿ. ಹತ್ತಕ್ಕೆ ಏಳರಷ್ಟಿದ್ದದ್ದು ನಾಲ್ಕೈದಕ್ಕೆ ಇಳಿದು, ರಾತ್ರಿ ನಿದ್ದೆ ಬಂದು, ನೋವಿನ ಮಾತ್ರೆ ಕಡಿಮೆಯಾದರೆ ಅದೇ ಒಳ್ಳೆಯ ಫಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಯಾನ್ಸರ್ ಎಲ್ಲವನ್ನೂ ಗುಣಪಡಿಸುತ್ತೇವೆ ಎಂದು ಬೋರ್ಡ್ ಹಾಕಿರುವ ಕಡೆ ಕಾಲಿಡಬೇಡಿ. ನಡೆಯುತ್ತಿರುವ ಮಾತ್ರೆ ನಿಲ್ಲಿಸಿ ಬನ್ನಿ ಎನ್ನುವವರ ಹತ್ತಿರವಂತೂ ಬೇಡವೇ ಬೇಡ.

ಚೀನೀ ವೈದ್ಯದ ಪ್ರಕಾರ ದೇಹದಲ್ಲಿ 14 ಮುಖ್ಯ ನಾಳಗಳು, ಅವುಗಳ ಮೇಲೆ 361 ಬಿಂದುಗಳು. ಅವುಗಳಲ್ಲಿ ಹರಿಯುವ ‘ಚೀ’ ಶಕ್ತಿ ತಡೆದಾಗ ನೋವು. ಇಂದಿನ ವೈದ್ಯಶಾಸ್ತ್ರ ಇಂಥ ನಾಳಗಳನ್ನು ದೇಹದಲ್ಲಿ ಕಂಡಿಲ್ಲ. ಸೂಜಿ ನರತುದಿಗಳನ್ನು ಕೆಣಕಿದಾಗ ಮೆದುಳು ಮತ್ತು ಬೆನ್ನುಹುರಿಯಲ್ಲಿ ಎಂಡಾರ್ಫಿನ್‌ನಂಥ ನೋವು ತಗ್ಗಿಸುವ ವಸ್ತುಗಳು ಬಿಡುಗಡೆಯಾಗುತ್ತವೆ ಎಂಬ ವಿವರಣೆ ಹೆಚ್ಚು ಗಟ್ಟಿ. ಭಾರತದಲ್ಲಿ ಇದಕ್ಕೆ ದಾರಿ ಮಾಡಿದವರು 1938ರಲ್ಲಿ ಡಾ. ಕೋಟ್ನಿಸ್ ಜೊತೆ ಚೀನಾಕ್ಕೆ ಹೋದ ವೈದ್ಯ ತಂಡದಲ್ಲಿದ್ದ ಡಾ. ಬಿಜೊಯ್ ಕುಮಾರ್ ಬಸು.

ಮೊದಲು ನೋಡಬೇಕಾದದ್ದು ಸೂಜಿಯ ಪ್ಯಾಕೆಟ್. ಇಂಜೆಕ್ಷನ್ ಸೂಜಿ ಸಾಮಾನ್ಯವಾಗಿ 0.6 ಮಿ.ಮೀ. ಅಥವಾ ಅದಕ್ಕಿಂತ ದಪ್ಪ, ಒಳಗೆ ಟೊಳ್ಳು. ಅಕ್ಯುಪಂಕ್ಚರ್ ಸೂಜಿ 0.25 ಮಿ.ಮೀ., ಗಟ್ಟಿ ಉಕ್ಕಿನ ಎಳೆ. ಕೈಕಾಲಿಗೆ 25 ಮಿ.ಮೀ. ಉದ್ದದ್ದು, ಸೊಂಟಕ್ಕೆ 40, ಪೃಷ್ಠದ ಆಳದ ಸ್ನಾಯುವಿಗೆ 75; ಮುಖಕ್ಕೆ 0.16ರಿಂದ 0.20ರಷ್ಟು ತೆಳುವಾದ ಗಿಡ್ಡ ಸೂಜಿ. ಪ್ಯಾಕೆಟ್ ಮೇಲೆ ಎಥಿಲೀನ್ ಆಕ್ಸೈಡ್ ಅನಿಲದಿಂದ ಸ್ಟೆರೈಲ್ (ಪೂರ್ತಿ ರೋಗಾಣುಮುಕ್ತ) ಮಾಡಿದ ಗುರುತು, ಅವಧಿ ಮುಗಿಯುವ ದಿನಾಂಕ, ಒಮ್ಮೆ ಮಾತ್ರ ಬಳಸಬೇಕೆಂಬ ಸೂಚನೆ ಇರಬೇಕು. ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ, ಸಂಕೋಚ ಬೇಡ. ಕೆಲವು ಕಡೆ ಪ್ರತಿಯೊಬ್ಬರ ಹೆಸರು ಬರೆದ ಸ್ಪಿರಿಟ್ ಬಾಟಲಿಯಲ್ಲಿ ‘ನಿಮ್ಮದೇ ಸೂಜಿ’ ಇಟ್ಟು ಮತ್ತೆ ಮತ್ತೆ ಬಳಸುತ್ತಾರೆ. ಇದನ್ನು ಒಪ್ಪಲೇಬಾರದು. ಸ್ಪಿರಿಟ್‌ನಲ್ಲಿ ಅದ್ದಿಟ್ಟರೆ ಸೂಜಿ ಸ್ಟೆರೈಲ್ ಆಗುವುದಿಲ್ಲ, ಬಾಟಲಿ ಅದಲುಬದಲಾದರೆ ಹೆಪಟೈಟಿಸ್ ಬಿ ಹರಡಬಹುದು. ಬಳಸಿದ ಸೂಜಿಯ ಮೊನೆ ಬಾಗಿರುವುದರಿಂದ ಚುಚ್ಚುವಾಗ ನೋವೂ ಜಾಸ್ತಿ. ತೆಗೆದ ಸೂಜಿಗಳು ಹೋಗಬೇಕಾದದ್ದು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ; 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುವುದೂ ಅದನ್ನೇ. ಕೋಣೆಯಲ್ಲಿ ಆ ಡಬ್ಬಿ ಇದೆಯೇ ಎಂದು ನೋಡಿದರೆ ಅಲ್ಲಿನ ಶಿಸ್ತು ಅರ್ಧ ಗೊತ್ತಾಗುತ್ತದೆ.

ಮೊದಲ ದಿನ ನಾಲಿಗೆ, ನಾಡಿ ನೋಡುತ್ತಾರೆ. ಅದಕ್ಕಿಂತ ಮುಖ್ಯ ಅವರು ಕೇಳುವ ಪ್ರಶ್ನೆಗಳು. ವಾರ್ಫರಿನ್, ಕ್ಲೋಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ, ಪೇಸ್‌ಮೇಕರ್, ಫಿಟ್ಸ್, ಗರ್ಭ, ಹಿಂದೆ ತಲೆ ಸುತ್ತಿ ಬಿದ್ದದ್ದು, ಇವನ್ನು ವಿಚಾರಿಸದೆ ಸೂಜಿ ತೆಗೆದರೆ ಎದ್ದು ಬನ್ನಿ. ಸೊಂಟನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದ್ದರೆ, ಕಾಲಿನ ಬಲ ಕುಂದಿದ್ದರೆ, ಜ್ವರವಿದ್ದರೆ ಅಥವಾ ತೂಕ ಇಳಿಯುತ್ತಿದ್ದರೆ ಮೊದಲು ಆಸ್ಪತ್ರೆಗೆ. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಪ್ರತ್ಯೇಕ ಪದ್ಧತಿಯಾಗಿ ಮಾನ್ಯ ಮಾಡಿದೆ, ಆದರೆ ವಾರಾಂತ್ಯದ ಸರ್ಟಿಫಿಕೇಟ್ ಹಿಡಿದು ಕೂತವರೂ ಇದ್ದಾರೆ. ನಮ್ಮಲ್ಲಿ ಉಜಿರೆಯಂಥ ಕಾಲೇಜುಗಳಲ್ಲಿ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿದವರಿಗೆ ಇದು ಪಠ್ಯದಲ್ಲೇ ಇರುತ್ತದೆ. ದೇಹರಚನೆ ಓದಿದ ಕೈಯೇ ಬೇಕು. ಯಾಕೆಂದು ಮುಂದೆ ಹೇಳುತ್ತೇವೆ.

ಒಂದೆರಡು ಗಂಟೆ ಮೊದಲು ಹಗುರವಾಗಿ ತಿಂದು ಹೋಗಿ. ಮೊದಲ ಸಿಟ್ಟಿಂಗ್ ಮಲಗಿಯೇ ಆಗಲಿ. ಖಾಲಿ ಹೊಟ್ಟೆಯಲ್ಲಿ ಕೂತು ಚುಚ್ಚಿಸಿಕೊಂಡವರೇ ಹೆಚ್ಚಾಗಿ ತಲೆ ಸುತ್ತಿ ಬೀಳುವುದು. ಹಾಗಾದರೆ ಎಲ್ಲ ಸೂಜಿ ತೆಗೆದು, ಕಾಲು ಎತ್ತರಕ್ಕಿಟ್ಟು, ಎಚ್ಚರವಾದ ಮೇಲೆ ಸಿಹಿ ನೀರು ಕೊಟ್ಟರೆ ಸಾಕು. ಬಿಂದುವಿನ ಅಳತೆ ರೋಗಿಯ ಬೆರಳಿನದೇ. ಮಂಡಿನೋವಿನವರಿಗೆ ತಪ್ಪದೆ ಹಾಕುವ ಎಸ್‌ಟಿ 36 ಎಂಬ ಬಿಂದು, ಮಂಡಿಚಿಪ್ಪಿನ ಕೆಳಗಿನ ಹೊರಬದಿಯ ಗುಳಿಯಿಂದ ನಾಲ್ಕು ಬೆರಳು ಕೆಳಗೆ, ಎಲುಬಿನ ಅಂಚಿನಿಂದ ಒಂದು ಬೆರಳು ಹೊರಗೆ. ಒಂದು ಸಿಟ್ಟಿಂಗ್‌ಗೆ ಎಂಟರಿಂದ ಹನ್ನೆರಡು ಸೂಜಿ ಧಾರಾಳ, 20ರಿಂದ 30 ನಿಮಿಷ ಬಿಡುತ್ತಾರೆ.

ಸೂಜಿ ಒಳಗೆ ಹೋದ ಮೇಲೆ ಭಾರವಾದ, ಜೋಮು ಹಿಡಿದಂಥ ಅನುಭವ ಬರಬೇಕು. ಉರಿದರೆ ಸ್ಪಿರಿಟ್ ಆರುವ ಮೊದಲೇ ಚುಚ್ಚಿದ್ದಾರೆ ಎಂದರ್ಥ. ಕರೆಂಟ್ ಹೊಡೆದಂತೆ ಕೆಳಗೆ ಸರ್ರೆಂದು ಇಳಿದರೆ ನರ ತಾಗಿದೆ, ತಡೆದುಕೊಳ್ಳದೆ ತಕ್ಷಣ ಹೇಳಿ. ನಡುವೆ ಮೈ ಅಲುಗಿಸಿದರೆ ಸ್ನಾಯು ಬಿಗಿದು ಸೂಜಿ ಸಿಕ್ಕಿಕೊಳ್ಳುತ್ತದೆ. ಆಗ ಎಳೆಯಬಾರದು, ಸುತ್ತ ಮೆಲ್ಲಗೆ ತಟ್ಟಿ ಸ್ವಲ್ಪ ಕಾದರೆ ಸಡಿಲವಾಗುತ್ತದೆ. ಸೂಜಿಗೆ ಕರೆಂಟ್ ಕೊಡುವುದಾದರೆ ಸೆಕೆಂಡಿಗೆ 2 ಮಿಡಿತದ ನಿಧಾನದ್ದು ಅಥವಾ 100ರ ವೇಗದ್ದು ಬಳಕೆಯಲ್ಲಿದೆ. ಪೇಸ್‌ಮೇಕರ್ ಇದ್ದವರಿಗೆ ಎರಡೂ ಕೂಡದು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬಿಸಿ ಲ್ಯಾಂಪ್ ಇಡಿಸಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ತೆಗೆಯುವಾಗ ಎಣಿಸಿ ತೆಗೆಯಬೇಕು. ಕೂದಲೊಳಗೆ, ಬೆನ್ನ ಹಿಂದೆ ಸೂಜಿ ಮರೆತುಹೋಗುವುದುಂಟು.

ನಿಜವಾದ ಅಪಾಯ ಅಪರೂಪ, ಆದರೆ ಅದು ಭುಜದ ಮೇಲೆ ಮತ್ತು ಪಕ್ಕೆಲುಬುಗಳ ಮೇಲಿದೆ. ಕುತ್ತಿಗೆ, ಭುಜಗಳ ನಡುವಿನ ಜಿಬಿ 21 ಬಿಂದುವಿನ ಕೆಳಗೇ ಶ್ವಾಸಕೋಶದ ತುದಿ. ಅಲ್ಲಿ ನೇರವಾಗಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು ಬಿದ್ದು ಗಾಳಿ ಸೋರುತ್ತದೆ. ಲಕ್ಷಣ ಮನೆಗೆ ಬಂದ ಕೆಲವು ಗಂಟೆಗಳ ಮೇಲೂ ಕಾಣಿಸಬಹುದು: ಉಸಿರು ಎಳೆದಾಗ ಎದೆ ಚುಚ್ಚುವುದು, ಏದುಸಿರು. ಗ್ಯಾಸ್ ಎಂದು ಸುಮ್ಮನಿರದೆ ಆಸ್ಪತ್ರೆಗೆ ಓಡಿ, ಸೂಜಿ ಹಾಕಿಸಿಕೊಂಡದ್ದನ್ನು ಹೇಳಿ. ದೇಹರಚನೆ ಓದಿದ ಕೈ ಬೇಕೆಂದದ್ದು ಇದಕ್ಕೇ.

ಫಲದ ಬಗ್ಗೆ ಅಂಕಿಗಳೇ ಮಾತಾಡಲಿ. ಜರ್ಮನಿಯಲ್ಲಿ 1,162 ಸೊಂಟನೋವಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ನಂತರ ಸುಧಾರಿಸಿದವರು ನಿಜವಾದ ಬಿಂದುಗಳ ಗುಂಪಿನಲ್ಲಿ ಶೇ. 47.6, ಬಿಂದುವಲ್ಲದ ಕಡೆ ಮೇಲ್ಮೇಲೆ ಚುಚ್ಚಿದ ಗುಂಪಿನಲ್ಲಿ ಶೇ. 44.2, ಔಷಧಿ ಮತ್ತು ವ್ಯಾಯಾಮದ ಗುಂಪಿನಲ್ಲಿ ಶೇ. 27.4. ಸೂಜಿ ಚಿಕಿತ್ಸೆ ಪಡೆದವರಿಗೆ ಉಪಯೋಗವಾಗಿದೆ, ಆದರೆ ಇಂಥದ್ದೇ ಬಿಂದು ಎಂಬುದಕ್ಕೆ ಅಷ್ಟೊಂದು ಬೆಲೆ ಇದ್ದಂತಿಲ್ಲ. ಆದ್ದರಿಂದ ‘ಗುಪ್ತ ಬಿಂದು’ವಿಗೆ ಹೆಚ್ಚು ಹಣ ಕೇಳಿದರೆ ಕೊಡಬೇಡಿ. ಜರ್ಮನಿಯ ಆರೋಗ್ಯ ವಿಮೆ ಮಂಡಿ ಸವೆತಕ್ಕೂ ಇದರ ಖರ್ಚು ಕೊಡುತ್ತದೆ. ಯಾವ ಚಿಕಿತ್ಸೆ ಕೊಡಬಹುದೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಮಂಡಿಗೆ ಬೇಡ ಎನ್ನುತ್ತದೆ, ಮೈಗ್ರೇನ್ ತಡೆಯಲು ಐದರಿಂದ ಎಂಟು ವಾರಗಳಲ್ಲಿ ಹತ್ತು ಸಿಟ್ಟಿಂಗ್‌ವರೆಗೆ ಒಪ್ಪುತ್ತದೆ. ನಮ್ಮ ಲೆಕ್ಕದಲ್ಲಿ ಮೈಗ್ರೇನ್‌ಗೆ ಮೊದಲ ಸ್ಥಾನ, ಸೊಂಟಕ್ಕೆ ಎರಡನೆಯದು, ಮಂಡಿಗೆ ಕೊನೆಯದು.

ವಾರಕ್ಕೆ ಒಂದು ಅಥವಾ ಎರಡರಂತೆ ಆರು ಸಿಟ್ಟಿಂಗ್‌ಗೆ ಮಾತ್ರ ಒಪ್ಪಿಕೊಳ್ಳಿ, ಮೂವತ್ತರ ಪ್ಯಾಕೇಜ್‌ಗೆ ಮುಂಗಡ ಕೊಡಬೇಡಿ. ನೋವಿನ ಅಂಕ, ನಿಲ್ಲದೆ ನಡೆಯಬಲ್ಲ ನಿಮಿಷ, ವಾರಕ್ಕೆ ನುಂಗಿದ ಮಾತ್ರೆ, ಇವನ್ನು ಮೊದಲ ದಿನದಿಂದಲೇ ಬರೆದಿಡಿ. ಮೊದಮೊದಲು ಹಾಯೆನಿಸುವುದು ಒಂದೆರಡು ದಿನ ಮಾತ್ರ. ಆ ಅವಧಿ ಸಿಟ್ಟಿಂಗ್‌ನಿಂದ ಸಿಟ್ಟಿಂಗ್‌ಗೆ ಉದ್ದವಾಗುತ್ತಿದ್ದರೆ ಹತ್ತು ಹನ್ನೆರಡರವರೆಗೆ ಮುಂದುವರಿಸಿ, ಆರರ ಹೊತ್ತಿಗೂ ಚೀಟಿಯ ಅಂಕಿ ಕದಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಮುಗಿದ ಮೇಲೆ ಜೀವಮಾನವಿಡೀ ತಿಂಗಳಿಗೊಮ್ಮೆ ಬರಬೇಕು ಎನ್ನುವುದಕ್ಕೂ ಆಧಾರ ತೆಳು: 39 ಪ್ರಯೋಗಗಳ 20,827 ರೋಗಿಗಳ ವಿವರ ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಒಂದು ವರ್ಷದ ನಂತರವೂ ಫಲ ಶೇ. 15ರಷ್ಟು ಮಾತ್ರ ಇಳಿದಿತ್ತು. ಸೊಂಟ, ತೊಡೆಯ ವ್ಯಾಯಾಮ ಬಿಡದೆ ಮಾಡಿ. ನೋವು ಮರಳಿದಾಗ ಎರಡು ಮೂರು ಸಿಟ್ಟಿಂಗ್ ಹಾಕಿಸಿಕೊಂಡರೆ ಸಾಕು.