ತೂಕ ಇಳಿಸುವ ಆನ್‌ಲೈನ್ ಕೋರ್ಸ್: ಸೋರಿಯಾಸಿಸ್ ಇರುವವರು ಸೇರಬಹುದಾ?

ಐದಕ್ಕೆ ಮೂರು ಸ್ಟಾರ್. ಒಂದು ಸ್ಟಾರ್ ಹೋಗಿದ್ದು ಜಾಹೀರಾತಿಗೆ. 'ತೂಕ ಇಳಿಸಿ, ಸೋರಿಯಾಸಿಸ್ ಬುಡಸಮೇತ ಹೋಗುತ್ತದೆ' ಅಂತ ಹಾಕಿಕೊಂಡಿದ್ದಾರೆ. ಹೋಗುವುದಿಲ್ಲ. 11 ವರ್ಷದಿಂದ ತಲೆ, ಮೊಣಕೈ, ಹೊಟ್ಟೆಯ ಮಡಿಕೆಯಲ್ಲೆಲ್ಲ ಚರ್ಮ ಕೆಂಪಾಗಿ ಹೊಟ್ಟು ಏಳುವ ಈ ಕಾಯಿಲೆ ಇಟ್ಟುಕೊಂಡು ಓಡಾಡುತ್ತಿದ್ದೇನೆ, ಅಷ್ಟು ಗೊತ್ತು. ಆದರೂ ಸೇರಿದೆ, ಯಾಕೆಂದರೆ ನಮ್ಮ ಚರ್ಮದ ಡಾಕ್ಟರೇ ಎರಡು ಸಲ ತೂಕದ ಮಾತು ಎತ್ತಿದ್ದರು.

ಮೊದಲು ಸಿಟ್ಟು ಬಂದಿತ್ತು. ದಪ್ಪ ಇರುವವರು ಏನು ತೊಂದರೆ ಹೇಳಿಕೊಂಡು ಹೋದರೂ ಡಾಕ್ಟರುಗಳದ್ದು ಒಂದೇ ರಾಗ ಅಲ್ವಾ? ಆದರೆ ಇಲ್ಲಿ ನಂಟು ನಿಜ. ಕೊಬ್ಬು ಸುಮ್ನೆ ಮೈಯಲ್ಲಿ ಕೂತಿರುವುದಿಲ್ಲ, ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಆಲ್ಫಾದಂಥ ಪ್ರೋಟೀನುಗಳನ್ನು ಬಿಡುತ್ತಿರುತ್ತದೆ, ಸೋರಿಯಾಸಿಸ್‌ನಲ್ಲಿ ಚರ್ಮವನ್ನು ಕೆರಳಿಸುವುದರಲ್ಲೂ ಈ ಟಿಎನ್‌ಎಫ್‌ನ ಕೈವಾಡ ಇದೆ, ಸೋರಿಯಾಸಿಸ್‌ಗೆ ಕೊಡುವ ಅಡಾಲಿಮುಮ್ಯಾಬ್ ಇಂಜೆಕ್ಷನ್ ತಡೆಯುವುದೂ ಅದನ್ನೇ. ಮೈ ಭಾರ ಇದ್ದರೆ ಔಷಧಿಯೂ ಸಾಲದೆ ಹೋಗಬಹುದು. ಉಸ್ತೆಕಿನುಮ್ಯಾಬ್ ಅನ್ನುವ ಇನ್ನೊಂದು ಸೋರಿಯಾಸಿಸ್ ಇಂಜೆಕ್ಷನ್ ಅನ್ನು ಮೈತೂಕ 100 ಕೆಜಿವರೆಗೆ ಇದ್ದರೆ 45 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಇದ್ದರೆ 90 ಕೊಡುತ್ತಾರೆ. ನಾನು 104 ಇದ್ದೆ. ಸೋರಿಯಾಸಿಸ್‌ಗೇ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಕೊಡೋಣ ಅಂದರೆ ಅದು ಲಿವರಿಗೆ ಪೆಟ್ಟು ಕೊಡಬಹುದು, ನನ್ನ ಲಿವರಿನಲ್ಲಿ ಆಗಲೇ ಕೊಬ್ಬು ತುಂಬಿತ್ತು.

ವಾರಕ್ಕೊಮ್ಮೆ ಫೋನ್ ಮಾಡುವ ಕೋಚ್ ಒಳ್ಳೆಯವರು. ಅವಸರ ಮಾಡಲಿಲ್ಲ, 'ಮೊದಲು ಐದು ಕೆಜಿ ನೋಡೋಣ' ಎಂದರು. ಮೂರು ತಿಂಗಳಲ್ಲಿ 8 ಇಳಿಯಿತು. ಮೊದಲು ಸುಧಾರಿಸಿದ್ದು ಮಡಿಕೆಗಳು, ಬೆವರು, ಉಜ್ಜಾಟ ಕಡಿಮೆಯಾಯಿತಲ್ಲ. ತಲೆಯ ಹೊಟ್ಟೂ ಸ್ವಲ್ಪ ತಗ್ಗಿದೆ. ಮೊಣಕೈ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ, ಮುಲಾಮು ಹಚ್ಚುತ್ತಲೇ ಇದ್ದೇನೆ.

ಇನ್ನೊಂದು ಸ್ಟಾರ್ ವ್ಯಾಯಾಮದ ವಿಡಿಯೊಗಳಿಗೆ ಹೋಯಿತು. ಫಾರ್ಮಿನಲ್ಲಿ ಚರ್ಮದ ಕಾಯಿಲೆ ಅಂತ ಬರೆದಿದ್ದರೂ ಎಲ್ಲವೂ ಮೊಣಕಾಲೂರಿ, ಮೊಣಕೈ ನೆಲಕ್ಕೆ ಒತ್ತಿ ಮಾಡುವಂಥವೇ. ಉಜ್ಜಿ ತರಚಿದ ಕಡೆ ಸೋರಿಯಾಸಿಸ್ ಹೊಸದಾಗಿ ಏಳಬಹುದು, ಅದಕ್ಕೆ ಕೋಬ್ನರ್ ಅಂತ ಹೆಸರೇ ಇದೆ. ನನಗೆ ಎಡ ಮೊಣಕಾಲಿನಲ್ಲಿ ಎಂದೂ ಇರದಿದ್ದ ಕಲೆ ಎರಡು ವಾರದಲ್ಲಿ ಎದ್ದಿತು. ಕೋಚ್‌ಗೆ ಹೇಳಿದರೆ 'ಕೋಬ್ನರ್ ಅಂದ್ರೆ ಏನು?' ಎಂದರು! ಆಮೇಲೆ ನಡಿಗೆಗೆ ಬದಲಾಯಿಸಿಕೊಟ್ಟರು ಅನ್ನಿ. ಆಪ್ ಕೂಡ ಕೆಜಿ ಬಿಟ್ಟು ಬೇರೆ ಲೆಕ್ಕ ಇಡುವುದಿಲ್ಲ, ಕಲೆಗಳ ಫೋಟೊ ಪ್ರತಿ ಭಾನುವಾರ ನಾನೇ ತೆಗೆದಿಟ್ಟುಕೊಂಡೆ.

ಸೇರುವುದಾದರೆ ಡಾಕ್ಟರಿಗೆ ಹೇಳಿ ಸೇರಿ, ಔಷಧಿ ನಿಲ್ಲಿಸಬೇಡಿ. ನಾನು ಇನ್ನೂ ಮೂರು ತಿಂಗಳಿಗೆ ಮುಂದುವರಿಸಿದ್ದೇನೆ, ವಿಡಿಯೊ ಮಾತ್ರ ಕಳಿಸಬೇಡಿ ಅಂತ ಹೇಳಿ.