ಕೈಯಲ್ಲಿ ಕೌದಿ, ಯಂತ್ರದಲ್ಲಿ ಕ್ವಿಲ್ಟ್: ಧಾರವಾಡದ ಒಂದು ತರಬೇತಿಯ ವಿಮರ್ಶೆ

ಕೌದಿ ಹೊಲಿಯುವುದನ್ನು ಕೈಯಲ್ಲೂ ಹೊಲಿಗೆ ಯಂತ್ರದಲ್ಲೂ ಕಲಿಸುವ ಆರು ಶನಿವಾರಗಳ ತರಬೇತಿಯೊಂದು ಧಾರವಾಡದಲ್ಲಿ ನಡೆಯುತ್ತದೆ. ಕಳೆದ ಚಳಿಗಾಲದ ತಂಡದಲ್ಲಿ ನಾನೂ ಇದ್ದೆ. ಮೊದಲ ನಾಲ್ಕು ಶನಿವಾರ ಕೈಹೊಲಿಗೆಗೆ ಮೀಸಲು, ಉಳಿದ ಎರಡು ಯಂತ್ರಕ್ಕೆ. ಶುಲ್ಕ 3,000 ರೂಪಾಯಿ. ಸೂಜಿ, ದಾರ ಮತ್ತು ಎರಡು ಹೊತ್ತಿನ ಚಹಾ ಅದರಲ್ಲೇ ಸೇರಿವೆ, ಬಟ್ಟೆಯನ್ನು ಮಾತ್ರ ಮನೆಯಿಂದ ಒಯ್ಯಬೇಕು. ಕೈಹೊಲಿಗೆಯ ಪಾಠವೊಂದಕ್ಕೇ ಈ ಹಣ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ಯಂತ್ರದ ಪಾಠ ಮಾತ್ರ, ಮೊದಲ ನಾಲ್ಕು ವಾರ ಕಲಿತದ್ದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ನಡೆಯಿತು.

ಕೈಹೊಲಿಗೆ ಕಲಿಸಿದವರು ಕೌದಿ ಹೊಲಿಯುವುದನ್ನು ಮನೆತನದ ಕಸುಬಾಗಿ ಉಳಿಸಿಕೊಂಡು ಬಂದ ಗೊಂದಲಿಗ ಸಮುದಾಯದ ಹಿರಿಯ ಹೆಣ್ಣುಮಗಳು. ತಂಡದವರೆಲ್ಲ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದೆವು. ಮೊದಲ ದಿನ ಅವರು ಯಾರ ಕೈಗೂ ಸೂಜಿ ಕೊಡಲಿಲ್ಲ. ನಾವು ತಂದ ಹಳೆಯ ಸೀರೆ, ಧೋತರ, ಅಂಗಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಅಡ್ಡಲಾಗಿ ಜಗ್ಗಿ, ಜೀರ್ಣವಾದದ್ದನ್ನು ಒಳಪದರಕ್ಕೂ ಗಟ್ಟಿಯಾಗಿದ್ದನ್ನು ಮೇಲುಪದರಕ್ಕೂ ವಿಂಗಡಿಸುವುದರಲ್ಲೇ ಮಧ್ಯಾಹ್ನವಾಯಿತು. ಪಾಲಿಯೆಸ್ಟರ್ ಸೀರೆಗಳನ್ನು ಅವರು ಮುಲಾಜಿಲ್ಲದೆ ಬದಿಗೆ ಸರಿಸಿದರು: ಅವು ಬೆವರು ಹೀರುವುದಿಲ್ಲ, ಪದರಗಳ ನಡುವೆ ಜಾರುತ್ತವೆ, ಇಸ್ತ್ರಿಯ ಶಾಖವನ್ನೂ ತಾಳುವುದಿಲ್ಲ. ಹೊಸ ಹತ್ತಿ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸದೆ ಬಳಸಕೂಡದು, ಏಕೆಂದರೆ ಈಗಾಗಲೇ ನೂರು ಸಲ ಒಗೆಸಿಕೊಂಡ ಹಳೆಯ ಪದರದ ಜೊತೆ ಅದನ್ನು ಹೊಲಿದರೆ ಮೊದಲ ಒಗೆತದಲ್ಲಿ ಹೊಸದೊಂದೇ ಕುಗ್ಗಿ ಇಡೀ ಕೌದಿ ನಿರಿಗೆಗಟ್ಟುತ್ತದೆ. ಗುಳೇದಗುಡ್ಡದ ಖಣದ ತುಂಡುಗಳನ್ನು ಎಲ್ಲರೂ ಆಸೆಯಿಂದ ತಂದಿದ್ದರು. ಅದರ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಳ್ಳುವುದರಿಂದ ಮಡಿಕೆಯನ್ನು ಬೇರೆ ಬಟ್ಟೆಗಿಂತ ಅಗಲವಾಗಿ ಇಟ್ಟುಕೊಳ್ಳಬೇಕೆಂದು ಅಲ್ಲಿಯೇ ತಿಳಿದದ್ದು.

ಎರಡನೆಯ ವಾರದ ವಿಷಯ ಪದರ ಹಾಸುವುದು ಮತ್ತು ಕಚ್ಚಾ ಹೊಲಿಗೆ. ನಾಲ್ಕು ಮೂಲೆಗೆ ನಾಲ್ವರು ಕುಳಿತು ಬಟ್ಟೆಯನ್ನು ನೆಲಕ್ಕೆ ಸಮನಾಗಿ ಹಾಸಿದ ಮೇಲೆ, ನಡುವಿನಿಂದ ಹೊರಟು ಅಂಚಿನ ಕಡೆಗೆ ಉದ್ದುದ್ದ ಟಾಕಿ ಹಾಕುತ್ತಾ ಹೋಗಬೇಕು. ಅಂಚಿನಿಂದ ಒಳಗೆ ಬಂದರೆ ಸಡಿಲ ಬಟ್ಟೆಯೆಲ್ಲ ನಡುವೆ ಉಬ್ಬಿ ನಿಲ್ಲುತ್ತದೆ. ನಂತರದ ಪಕ್ಕಾ ಹೊಲಿಗೆಯಲ್ಲಿ ಎಡಗೈ ಕೌದಿಯ ಅಡಿಯಲ್ಲಿದ್ದು ಸೂಜಿಯ ಮೊನೆ ತಾಗಿದ ಕೂಡಲೇ ಅದನ್ನು ಮೇಲಕ್ಕೆ ತಿರುಗಿಸುತ್ತದೆ. ಬಲಗೈ ನಾಲ್ಕೈದು ಟಾಕಿಗಳನ್ನು ಸೂಜಿಯ ಮೇಲೆ ಪೋಣಿಸಿಕೊಂಡು ಒಮ್ಮೆಲೇ ದಾರ ಎಳೆಯುತ್ತದೆ. ದಾರದ ಗಂಟನ್ನು ಮೆಲ್ಲಗೆ ಜಗ್ಗಿ ಎರಡು ಪದರಗಳ ನಡುವೆ ಅಡಗಿಸುವ ಕೈಚಳಕವನ್ನು ಅಕ್ಕಾರು ಪ್ರತಿಯೊಬ್ಬರ ಪಕ್ಕ ಕುಳಿತು ತೋರಿಸಿದರು. ನಾನು ಬಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದನ್ನು ಕಂಡು, "ಹಂಗ ಜಗ್ಗಬ್ಯಾಡ್ರೀ, ಸಡಲ ಬಿಡ್ರಿ, ಸೂಜಿ ತಾನ ದಾರಿ ಹಿಡೀತದ" ಎಂದರು.

ಮೂರನೆಯ ವಾರದ ಪಾಠಕ್ಕಾಗಿಯೇ ನಾನು ಹೆಸರು ಬರೆಸಿದ್ದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಕೌದಿ ಹೊಲಿಯುವ ಕ್ರಮವೇ ಅಂದಿನ ಪಾಠ. ಅಡಿಗೆ ಒಂದು ಇಡೀ ಸೀರೆ. ಅದರ ಮೂಲೆಯಿಂದ ಆರಂಭಿಸಿ ಅಂಚಿನುದ್ದಕ್ಕೂ ತುಂಡುಗಳನ್ನು ಇಡುತ್ತಾ, ಅಂಚು ಮಡಚುತ್ತಾ, ಸುತ್ತು ಸುತ್ತಾಗಿ ಒಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ತುಂಡನ್ನು ಕೂರಿಸುವ ಹೊಲಿಗೆಯೇ ಪದರಗಳನ್ನು ಬಂಧಿಸುವ ಹೊಲಿಗೆಯೂ ಆಗಿರುವುದರಿಂದ ಇಲ್ಲಿ ಮೇಲುಹೊದಿಕೆಯನ್ನು ಮೊದಲೇ ಜೋಡಿಸಿಕೊಳ್ಳುವ ಕೆಲಸವಿಲ್ಲ, ಅಳತೆಯ ನಕ್ಷೆಯೂ ಬೇಕಿಲ್ಲ. ಮುಂದಿನ ತುಂಡು ಯಾವುದೆಂಬುದು ಹಿಂದಿನ ತುಂಡನ್ನು ನೋಡಿಯೇ ತೀರ್ಮಾನವಾಗುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಹಲವು ಮಡಿಕೆ ಮಡಚಿ ಮಾಡಿದ ಹೂವುಗಳನ್ನು ಕೂರಿಸಬೇಕು. ಅವಿಲ್ಲದ ಕೌದಿಯನ್ನು ಸಿದ್ದಿಯರು ಪೂರ್ತಿಯಾಯಿತೆಂದು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ಚೌಕಗಳನ್ನು ಅಳೆದು ಕತ್ತರಿಸಿದವರಿಗೆ ಈ ಪದ್ಧತಿ ಒಂದು ಬಿಡುಗಡೆಯೇ ಸರಿ. ನಾಲ್ಕನೆಯ ವಾರ ಹೊಸ ಪಾಠವಿರಲಿಲ್ಲ, ಶುರು ಮಾಡಿದ್ದನ್ನು ಮುಂದುವರಿಸಿದೆವು.

ಇನ್ನು ಯಂತ್ರದ ವಿಚಾರ. ಹನ್ನೆರಡು ಜನರಿಗೆ ಐದು ಯಂತ್ರಗಳು, ಅವುಗಳಲ್ಲಿ ಒಂದಕ್ಕೆ ಮಾತ್ರ ವಾಕಿಂಗ್ ಫುಟ್ ಇತ್ತು. ಸಾಮಾನ್ಯ ಯಂತ್ರದಲ್ಲಿ ಕೆಳಗಿನ ಹಲ್ಲುಗಳು ಅಡಿಪದರವನ್ನಷ್ಟೇ ಮುಂದಕ್ಕೆ ಒಯ್ಯುತ್ತವೆ; ಮೇಲಿನ ಪದರ ಪಾದದ ಒತ್ತಡಕ್ಕೆ ಹಿಂದುಳಿದು ಸುಕ್ಕಾಗುತ್ತದೆ. ಮೇಲೂ ಹಲ್ಲಿರುವ ವಾಕಿಂಗ್ ಫುಟ್ ಎರಡೂ ಪದರಗಳನ್ನು ಒಂದೇ ವೇಗದಲ್ಲಿ ಸಾಗಿಸುತ್ತದೆ. ಶಿಕ್ಷಕಿ ಇದನ್ನು ಸೊಗಸಾಗಿ ವಿವರಿಸಿದರು. 14ನೇ ನಂಬರಿನ ಸೂಜಿ, 3 ಮಿ.ಮೀ. ಉದ್ದದ ಹೊಲಿಗೆ, ಕಚ್ಚಾ ಹೊಲಿಗೆಯ ಬದಲು ಸೇಫ್ಟಿ ಪಿನ್ನುಗಳು, ಬದಿಗಳನ್ನು ಸುರುಳಿ ಸುತ್ತಿ ಯಂತ್ರದ ತೋಳಿನಡಿ ತೂರಿಸುವ ರೀತಿ, ಎಲ್ಲವೂ ಉಪಯುಕ್ತವೇ. ಆದರೆ ತನ್ನ ಸರದಿ ಬರುವ ಹೊತ್ತಿಗೆ ಸಂಜೆಯಾದರೆ ವಿವರಣೆಯಿಂದ ಏನು ಪ್ರಯೋಜನ? ಹಲ್ಲುಗಳನ್ನು ಇಳಿಸಿ, ಬಟ್ಟೆಯನ್ನು ಕೈಯಿಂದಲೇ ಓಡಾಡಿಸಿ ಬಳ್ಳಿ ಬಿಡಿಸುವ ಫ್ರೀ ಮೋಷನ್ ಹೊಲಿಗೆಗೆ ಕಾಲಿನ ವೇಗ ಮತ್ತು ಕೈಯ ಚಲನೆ ಹೊಂದಿಕೊಳ್ಳುವುದೇ ಮುಖ್ಯ, ಅದು ಗಂಟೆಗಟ್ಟಲೆ ಅಭ್ಯಾಸದಿಂದ ಬರುವಂಥದ್ದು. ನಮಗೆ ತಲಾ ಕಾಲುಗಂಟೆ ಸಿಕ್ಕಿತು.

ಸಮಯದ ಅಭಾವಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಪಾಠದ ಸ್ವರೂಪ. ಹೊಸ ಹತ್ತಿ ಬಟ್ಟೆಯ ಚೌಕಗಳು, ನಡುವೆ ಹತ್ತಿಯ ಹಾಸು, ಕಾಲು ಇಂಚಿನ ಅಂಚು ಬಿಟ್ಟು ಜೋಡಣೆ: ಇದು ಅಮೆರಿಕನ್ ಕ್ವಿಲ್ಟಿನ ಯಥಾವತ್ ಕ್ರಮ. ನಾಲ್ಕು ವಾರ ನಾವು ಆರಿಸಿ, ಮಡಚಿ ಇಟ್ಟುಕೊಂಡಿದ್ದ ಇಳಕಲ್ ಸೀರೆಯ ಸೆರಗಾಗಲಿ, ಖಣವಾಗಲಿ ಯಂತ್ರದಡಿ ಹೋಗಲೇ ಇಲ್ಲ. ಖಣದ ತ್ರಿಕೋನಗಳನ್ನು ಯಂತ್ರದಲ್ಲಿ ಜೋಡಿಸಿ, ಪದರಗಳನ್ನು ಕೈಯಲ್ಲಿ ಹೊಲಿದು, ಅಂಚುಪಟ್ಟಿಯನ್ನು ಮತ್ತೆ ಯಂತ್ರದಲ್ಲಿ ಕೂರಿಸಬಹುದೇ ಎಂದು ಒಬ್ಬರು ಕೇಳಿದಾಗ ಶಿಕ್ಷಕಿಯ ಬಳಿ ಉತ್ತರವಿರಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಅಕ್ಕಾರು, "ಯಾಕಾಗೂದಿಲ್ರೀ, ನಮ್ಮ ಸೊಸಿ ಹಂಗ ಮಾಡ್ತಾಳ" ಎಂದರು. ಆ ಸೊಸೆಯನ್ನು ಒಂದು ಶನಿವಾರ ಕರೆಸಿದರೆ ಈ ತರಬೇತಿಯ ಅರ್ಧ ದೋಷ ನೀಗುತ್ತದೆ.

ಹೋಗುವವರಿಗೆ ಕೆಲವು ಮಾತು. ಪೂರ್ತಿ ಅಳತೆಯ ಕೌದಿ ಆರು ವಾರದಲ್ಲಿ ಮುಗಿಯುವುದಿಲ್ಲವಾದ್ದರಿಂದ ಕೂಸಿನ ತೊಟ್ಟಿಲಿಗೆ ಆಗುವಷ್ಟನ್ನು ಆರಿಸಿಕೊಳ್ಳಿ. ಕೈಹೊಲಿಗೆ ನೆಲದ ಮೇಲೆಯೇ ನಡೆಯುತ್ತದೆ. ಮೊಣಕಾಲು ನೋವಿರುವವರು ಮೊದಲೇ ತಿಳಿಸಿದರೆ ಮಣೆ ಕೊಡುತ್ತಾರೆ. ಬೆರಳಿಗೆ ಹಾಕುವ ಟೋಪಿಯನ್ನು ಸ್ವಂತದ್ದೇ ಒಯ್ಯಿರಿ, ಅಲ್ಲಿರುವವು ಎಲ್ಲರ ಬೆರಳಿಗೂ ಒಗ್ಗುವುದಿಲ್ಲ. ಕೈಹೊಲಿಗೆಯ ನಾಲ್ಕು ವಾರಕ್ಕೆ ಮಾತ್ರ 2,000 ರೂಪಾಯಿಗೆ ಸೇರಿಸಿಕೊಳ್ಳುತ್ತಾರೆ. ಆದರೆ ಇದನ್ನು ಫಲಕದಲ್ಲಿ ಬರೆದಿಲ್ಲ, ಕೇಳಬೇಕು.